ಎಂಜಿಬಿ: ಅಮೆರಿಕಕ್ಕೆ ಹೋದ ಕಾರನ್ನು ಅಮೆರಿಕದ ಕಾರಾಗಿಯೇ ಉಳಿಸುವುದು

ಇಂಗ್ಲೆಂಡಿನ ಅಬಿಂಗ್‌ಡನ್ನಿನ ಕಾರ್ಖಾನೆಯಿಂದ 1962 ಮತ್ತು 1980ರ ನಡುವೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು (ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರುಗಳು) ಹೊರಬಂದವು. ಅವುಗಳಲ್ಲಿ ಹೆಚ್ಚಿನವು ಹೋದದ್ದು ಅಮೆರಿಕಕ್ಕೆ. ಹಾಗಾಗಿ ಯಾವುದೋ ಶೆಡ್ಡಿನಲ್ಲಿ ಗಾಳಿ ಇಳಿದ ಟೈರುಗಳ ಮೇಲೆ ಕೂತಿರುವ ಎಂಜಿಬಿ ಸಿಕ್ಕರೆ ಅದು ರಫ್ತಿನ ಕಾರೇ ಆಗಿರುವ ಸಾಧ್ಯತೆ ಹೆಚ್ಚು. ಅದನ್ನು ಎತ್ತಿಕೊಂಡವರು ಮಾತ್ರ ಬ್ರಿಟನ್ನಿನ ಮಾರುಕಟ್ಟೆಯ ಕಾರಿನ ಚಿತ್ರ ಎದುರಿಗಿಟ್ಟುಕೊಂಡು ಕೆಲಸಕ್ಕೆ ಇಳಿಯುತ್ತಾರೆ. ಹೊಗೆ ಶುದ್ಧ ಮಾಡಲೆಂದು ಇದ್ದ ಏರ್ ಪಂಪ್ ಬಿಚ್ಚಿ ಗುಜರಿಗೆ, ಮೆತ್ತೆಯ ಡ್ಯಾಶ್‌ಬೋರ್ಡ್ ಕಿತ್ತು ತಗಡಿನದು, ಮೂರನೇ ವೈಪರಿನ ತೂತಿಗೆ ವೆಲ್ಡು. ಕೊನೆಗೆ ನಿಲ್ಲುವುದು ಚಂದದ ಕಾರೇ. ಆದರೆ ಆ ನಂಬರಿನ ಕಾರು ಅಲ್ಲ.

ಇಲ್ಲಿ ಹೇಳುತ್ತಿರುವುದು 1968ರಿಂದ 1971ರ ಮಾದರಿ ವರ್ಷಗಳ ಅಮೆರಿಕದ ರೋಡ್‌ಸ್ಟರ್, ಅಂದರೆ ಎರಡು ಸೀಟಿನ ತೆರೆದ ಕಾರಿನ ಬಗ್ಗೆ. ಕಷ್ಟ ಹೆಚ್ಚು ಇರುವುದೂ ಈ ನಾಲ್ಕು ವರ್ಷಗಳಲ್ಲೇ. ಅಮೆರಿಕದ ಸುರಕ್ಷತಾ ನಿಯಮಗಳು 1968ರ ಜನವರಿ 1ರಿಂದ ಜಾರಿಗೆ ಬಂದವು, ಆಮೇಲೆ ಪ್ರತಿ ವರ್ಷ ಏನಾದರೊಂದು ಸೇರುತ್ತಲೇ ಹೋಯಿತು, ಕಾರೂ ಅದರ ಹಿಂದೆಯೇ ಬದಲಾಯಿತು. ಆದ್ದರಿಂದ ‘ರಫ್ತಿನ ಮಾದರಿ’ ಎಂದು ಒಂದೇ ಒಂದು ರೂಪ ಇಲ್ಲ. 1969ರ ಕಾರಿಗೆ 1970ರ ಭಾಗ ಕೂತರೂ ಅದು ತಪ್ಪು ಭಾಗವೇ.

ಮೊದಲು ನಂಬರು

ಛಾಸಿ ನಂಬರಿನ ಮುಂದಿರುವ ಅಕ್ಷರಗಳಲ್ಲೇ ಅರ್ಧ ಉತ್ತರ ಇದೆ. ‘ಜಿಎಚ್‌ಎನ್5ಯುಎ’ ಎಂದಿದ್ದರೆ, ಜಿ ಎಂಜಿಗೆ, ಎಚ್ 1400ರಿಂದ 1999 ಸಿಸಿ ಎಂಜಿನ್ ವರ್ಗಕ್ಕೆ, ಎನ್ ಎರಡು ಸೀಟಿನ ತೆರೆದ ಕಾರಿಗೆ (ಗಟ್ಟಿ ಛಾವಣಿಯ ಜಿಟಿ ಆಗಿದ್ದರೆ ಅಲ್ಲಿ ಡಿ ಇರುತ್ತದೆ), 5 ಸರಣಿಗೆ, ಯು ಅಮೆರಿಕಕ್ಕೆ, ಕೊನೆಯ ಎ 1970ರ ಮಾದರಿ ವರ್ಷಕ್ಕೆ. ಬಿ ಎಂದರೆ 1971. ಅದಕ್ಕೂ ಹಿಂದಿನ 1968 ಮತ್ತು 1969ರ ಕಾರುಗಳು ಜಿಎಚ್‌ಎನ್4 ಸರಣಿಯವು, ಅವುಗಳಲ್ಲಿ ವರ್ಷದ ಅಕ್ಷರ ಇಲ್ಲ. ಮಾದರಿ ವರ್ಷ ಶುರುವಾಗುವುದು ಹಿಂದಿನ ಕ್ಯಾಲೆಂಡರ್ ವರ್ಷದ ಕೊನೆಯ ತಿಂಗಳುಗಳಲ್ಲಿ. ನೋಂದಣಿ ಪತ್ರದಲ್ಲಿರುವ ವರ್ಷವನ್ನು ನಂಬಿ ಭಾಗ ತರಿಸಿದರೆ ಮೋಸ ಹೋಗುವುದು ಇಲ್ಲಿಯೇ. ಕಾರು ಮಾರಾಟವಾಗದೆ ಡೀಲರ್ ಅಂಗಳದಲ್ಲಿ ಉಳಿದು ಮುಂದಿನ ವರ್ಷದ್ದೆಂದು ನೋಂದಣಿಯಾಗಿರುವ ಸಾಧ್ಯತೆಯೂ ಇದೆ.

ಉಳಿದರ್ಧ ಉತ್ತರ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನ ದಾಖಲೆಗಳಲ್ಲಿದೆ. ಅಲ್ಲಿಂದ ಹೆರಿಟೇಜ್ ಸರ್ಟಿಫಿಕೇಟ್ ತರಿಸಿದರೆ ಕಾರು ತಯಾರಾದ ದಿನ, ಕಳುಹಿಸಿದ ಕಡೆ, ಮೂಲ ಬಣ್ಣ, ಒಳಗಿನ ಬಣ್ಣ, ಮೂಲ ಎಂಜಿನ್ ನಂಬರು, ಕಾರ್ಖಾನೆಯಲ್ಲೇ ಹಾಕಿದ ಹೆಚ್ಚುವರಿ ಸಾಮಾನು, ಎಲ್ಲ ಸಿಗುತ್ತದೆ. ಬಣ್ಣ ಮತ್ತು ಚಕ್ರದ ವಿಷಯದಲ್ಲಿ ವಾದಕ್ಕೆ ಜಾಗವೇ ಉಳಿಯುವುದಿಲ್ಲ. ಚಕ್ರದ ವಿವರ ಯಾಕೆ ಮುಖ್ಯ ಎಂದರೆ, ಕಡ್ಡಿ ಚಕ್ರದ ಕಾರಿನ ಹಿಂದಿನ ಆಕ್ಸಲ್ ಬೇರೆ, ಅದು ಕಿರಿದು. ಉಕ್ಕಿನ ಚಕ್ರದ ಆಕ್ಸಲ್ಲಿಗೆ ಬೋಲ್ಟಿನಲ್ಲಿ ಕೂರುವ ಅಡಾಪ್ಟರ್ ಹಾಕಿ ಕಡ್ಡಿ ಚಕ್ರ ಏರಿಸಿದ ಕಾರುಗಳಲ್ಲಿ ಟೈರು ಹಿಂದಿನ ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತದೆ. ಉಜ್ಜಿದ ಗುರುತು ಕಂಡರೆ ಮೂಲತಃ ಅದು ಕಡ್ಡಿ ಚಕ್ರದ ಕಾರಲ್ಲ ಎಂದೇ ಊಹಿಸಿ, ಸರ್ಟಿಫಿಕೇಟ್ ನೋಡಿ ಖಚಿತಪಡಿಸಿಕೊಳ್ಳಬೇಕು.

ನಂಬರ್ ಫಲಕಗಳನ್ನು ಬಿಚ್ಚಲೇಬೇಡಿ. 1969ರ ಜನವರಿಯಿಂದ ಅಮೆರಿಕದ ಕಾರುಗಳಲ್ಲಿ ಗಾಜಿನ ಹೊರಗಿನಿಂದಲೇ ಕಾಣುವಂತೆ ನಂಬರು ಇರಬೇಕೆಂಬ ನಿಯಮ ಬಂತು. ಆ ಪುಟ್ಟ ಫಲಕವನ್ನು ತೆಗೆಯುವುದು ಅಮೆರಿಕದಲ್ಲಿ ಕಾನೂನಿನ ತೊಡಕು. ಬಣ್ಣ ಹೊಡೆಯುವಾಗ ಅದರ ಸುತ್ತ ಟೇಪು ಸುತ್ತಿದರೆ ಸಾಕು.

ಯಾವ ವರ್ಷಕ್ಕೆ ಏನು

1968ರಲ್ಲಿ ಬಂದವು: ಮೆತ್ತೆ ತುಂಬಿದ, ಗ್ಲವ್ ಬಾಕ್ಸ್ ಇಲ್ಲದ ಡ್ಯಾಶ್‌ಬೋರ್ಡ್ (ಎಂಜಿಯವರು ‘ಅಬಿಂಗ್‌ಡನ್ ದಿಂಬು’ ಎಂದು ತಮಾಷೆ ಮಾಡುವುದು ಇದನ್ನೇ), ಎರಡು ಸರ್ಕಿಟ್ಟಿನ ಬ್ರೇಕ್, ಅಪಘಾತದಲ್ಲಿ ಕುಸಿಯುವ ಸ್ಟೀರಿಂಗ್ ಕಾಲಂ, ಏರ್ ಪಂಪ್. ಆಲ್ಟರ್ನೇಟರ್, ನೆಗೆಟಿವ್ ಅರ್ತ್ ಮತ್ತು ನಾಲ್ಕೂ ಗೇರಿಗೆ ಸಿಂಕ್ರೊಮೆಶ್ ಅದೇ ವರ್ಷ ಎಲ್ಲ ಎಂಜಿಬಿಗಳಿಗೂ ಬಂದವು. 1969ರಲ್ಲಿ ಸೀಟಿಗೆ ತಲೆದಿಂಬು, ಗಾಜಿಗೆ ಮೂರು ವೈಪರ್. ಒರೆಸಬೇಕಾದ ಗಾಜಿನ ವಿಸ್ತೀರ್ಣಕ್ಕೆ ನಿಯಮ ಬಂದಾಗ ತಗ್ಗಿನ, ಅಗಲ ಗಾಜಿನ ರೋಡ್‌ಸ್ಟರ್‌ಗೆ ಎರಡು ಸಾಲಲಿಲ್ಲ. ಜಿಟಿಗೆ ಎರಡೇ ಉಳಿದವು.

1970ರ ಮಾದರಿ ಒಂದು ವಿಚಿತ್ರ. ಒಳಕ್ಕೆ ಸರಿದ ಕಪ್ಪು ಗ್ರಿಲ್, ಚರ್ಮದ ಬದಲು ವಿನೈಲ್ ಸೀಟು, ರೋಸ್ಟೈಲ್ ಎಂಬ ಉಕ್ಕಿನ ಚಕ್ರ, ಇವೆಲ್ಲ ಮುಂದೆಯೂ ಉಳಿದವು. ಆದರೆ ಹಿಂದಿನ ಬಂಪರ್ ಎರಡು ತುಂಡು, ನಡುವೆ ನಂಬರ್ ಪ್ಲೇಟ್, ಇದು ಅಮೆರಿಕದ 1970ರ ಕಾರಿಗೆ ಮಾತ್ರ, ಆ ಒಂದೇ ವರ್ಷಕ್ಕೆ. ಸಣ್ಣ ಗುದ್ದು ಬಿದ್ದ ಕೂಡಲೇ ಹಿಂದಿನ ಮಾಲೀಕರು ಇಡೀ ಬಂಪರ್ ಹಾಕಿಸಿಬಿಟ್ಟಿರುತ್ತಾರೆ. ಬಣ್ಣ ಕೆರೆದು ಹಿಂದಿನ ಫಲಕದ ತೂತುಗಳನ್ನು ನೋಡಿ; ಮುಚ್ಚಿದ ಗುರುತುಗಳು ಪುಟ್ಟಿಯ ಕೆಳಗೆ ಇದ್ದೇ ಇರುತ್ತವೆ. ಪಕ್ಕದ ದೀಪಗಳ ವಿಷಯ: 1968ರಿಂದ ದೀಪ ಅಥವಾ ಪ್ರತಿಫಲಕ ಎರಡರಲ್ಲೊಂದು ಸಾಕಿತ್ತು, 1970ರ ಜನವರಿ 1ರಿಂದ ಎರಡೂ ಕಡ್ಡಾಯವಾದವು. 1971ಕ್ಕೆ ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇದ್ದಿಲಿನ ಡಬ್ಬಿಯಲ್ಲಿ ಹಿಡಿದಿಡುವ ವ್ಯವಸ್ಥೆ ಎಲ್ಲ ರಾಜ್ಯಗಳಿಗೂ ಬಂತು; ಕ್ಯಾಲಿಫೋರ್ನಿಯಕ್ಕೆ ಅದು ಒಂದು ವರ್ಷ ಮೊದಲೇ ಬಂದಿತ್ತು.

ಎಂಜಿನ್ನಿನ ಅಕ್ಷರಗಳೂ ಇದೇ ಕ್ರಮದಲ್ಲಿ ಬರುತ್ತವೆ: 18ಜಿಎಫ್, ಆಮೇಲೆ 18ಜಿಎಚ್, 1971ಕ್ಕೆ 18ಜಿಕೆ. 18ವಿ ಇದ್ದರೆ ಅದು 1972 ಅಥವಾ ನಂತರದ್ದು, ಅಂದರೆ ಬದಲಾದ ಎಂಜಿನ್. 1971ರವರೆಗಿನದು 8.8:1 ಕಂಪ್ರೆಶನ್, 1972ರಿಂದ ಅಮೆರಿಕಕ್ಕೆ 8.0:1. ಬದಲಾದ ಎಂಜಿನ್ ಇರುವ ಕಾರಿನಲ್ಲಿ ಪಿಸ್ಟನ್ ಅಳೆಯದೆ ಇಗ್ನಿಷನ್ ಟೈಮಿಂಗ್ ಪುಸ್ತಕದಂತೆ ಇಡುವುದು ಕುರುಡು ಕೆಲಸ.

ತಗಡಿಗೆ ಕೈ ಹಾಕುವ ಮುನ್ನ

ಎಲ್ಲರೂ ತುಕ್ಕಿನಿಂದ ಶುರು ಮಾಡುತ್ತಾರೆ. ರಫ್ತಿನ ಕಾರಿಗೆ ಅದು ಎರಡನೇ ಕೆಲಸ. ಮೊದಲನೆಯದು, ಕಾಣೆಯಾದ ಭಾಗಗಳನ್ನು ಕೈಗೆ ತಂದುಕೊಳ್ಳುವುದು. ಯಾವ ತೂತು ಉಳಿಯಬೇಕು, ಯಾವುದು ಯಾರೋ ಆಮೇಲೆ ಕೊರೆದದ್ದು ಎಂಬುದು ಗೊತ್ತಾಗುವುದು ಬ್ರಾಕೆಟ್ಟು, ಡಬ್ಬಿ, ಪೈಪುಗಳನ್ನು ಜಾಗಕ್ಕೆ ಹಿಡಿದು ನೋಡಿದಾಗಲೇ. ಬಣ್ಣ ಮುಗಿದ ಮೇಲೆ ಇದ್ದಿಲಿನ ಡಬ್ಬಿಯ ಬ್ರಾಕೆಟ್ಟಿಗೆ ಡ್ರಿಲ್ ಹಿಡಿದು ನಿಲ್ಲುವ ಸ್ಥಿತಿ ಬೇಡ. ಹುಡುಕುವಾಗ ಬ್ರಿಟಿಷ್ ಲೇಲ್ಯಾಂಡಿನ ಆ ಕಾಲದ ಭಾಗಗಳ ಪಟ್ಟಿಯನ್ನು ಇಟ್ಟುಕೊಳ್ಳಿ. ಅದರಲ್ಲಿ ‘ಈ ಕಾರ್ ನಂಬರಿನಿಂದ ಈ ನಂಬರಿನವರೆಗೆ’ ಎಂದು ಬರೆದಿರುವುದನ್ನು ಓದಬೇಕು. ಮಾರಾಟಗಾರರ ಪಟ್ಟಿಯ ‘68–71ಕ್ಕೆ ಹೊಂದುತ್ತದೆ’ ಎಂಬ ಸಾಲು ಕೂರುತ್ತದೆ ಎಂದಷ್ಟೇ ಹೇಳುತ್ತದೆ, ಸರಿ ಎಂದು ಅಲ್ಲ.

ಬಿಚ್ಚಿದ ನಟ್ಟು, ಬೋಲ್ಟುಗಳನ್ನು ಭಾಗದ ಜೊತೆಗೇ ಚೀಲಕ್ಕೆ ಹಾಕಿ. ಈ ಕಾರಿನಲ್ಲಿ ಬಹುತೇಕ ಇಂಚಿನ ಅಳತೆಯ ಯುಎನ್‌ಎಫ್ ಥ್ರೆಡ್, ಎಲೆಕ್ಟ್ರಿಕಲ್ ಮತ್ತು ಕಾರ್ಬುರೇಟರಿನ ಸಣ್ಣ ಸ್ಕ್ರೂಗಳಲ್ಲಿ ಹಳೆಯ ಬ್ರಿಟಿಷ್ ಅಳತೆಯ ಬಿಎ. ಮೆಟ್ರಿಕ್ ಬೋಲ್ಟು ಕಂಡರೆ ಅದು ಯಾರೋ ಬಲವಂತವಾಗಿ ತಿರುಗಿಸಿ ಕೂರಿಸಿದ್ದು, ಒಳಗಿನ ಥ್ರೆಡ್ಡೂ ಹೋಗಿರುತ್ತದೆ.

ಸಿಲ್, ಸಿಲ್, ಮತ್ತೆ ಸಿಲ್

ಎಂಜಿಬಿಗೆ ಪ್ರತ್ಯೇಕ ಛಾಸಿ ಇಲ್ಲ. ಬಾಗಿಲಿನ ಕೆಳಗಿನ ಸಿಲ್‌ಗಳೇ ಬೆನ್ನೆಲುಬು. ತೆರೆದ ಕಾರಾದ್ದರಿಂದ ಮೇಲಿನಿಂದ ಹಿಡಿದುಕೊಳ್ಳಲು ಏನೂ ಇಲ್ಲ. ಸಿಲ್ ಎಂದರೆ ಒಂದು ತಗಡಲ್ಲ: ಹೊರಗಿನದು, ನಡುವಿನ ಪರದೆ, ಒಳಗಿನದು, ಕೆಳಗೆ ಕ್ಯಾಸಲ್ ರೈಲ್ ಎಂಬ ಪಟ್ಟಿ. ಹೊರಗಿನದು ಗಟ್ಟಿಯಾಗಿದ್ದು ನಡುವಿನದು ಪುಡಿಯಾಗಿರುವುದು ಮಾಮೂಲು. ಹೊರಗಿನ ಸಿಲ್ ಮೇಲಷ್ಟೇ ಹೊಸ ತಗಡು ಹೊದಿಸಿದ ಕಾರುಗಳು ಬೇಕಾದಷ್ಟಿವೆ, ಅಂಥದ್ದನ್ನು ಜ್ಯಾಕ್‌ನಲ್ಲಿ ಎತ್ತಿದರೆ ಬಾಗಿಲು ಬಿಗಿಯಾಗುತ್ತದೆ. ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆಯೂ ಅದೇ.

ಕತ್ತರಿಸುವ ಕ್ರಮ ತಪ್ಪಿದರೆ ಕಾರು ಬಾಳೆಹಣ್ಣಿನಂತೆ ಬಾಗುತ್ತದೆ, ಆಮೇಲೆ ನೇರ ಮಾಡಲು ಬರುವುದಿಲ್ಲ. ಒಮ್ಮೆಗೆ ಒಂದೇ ಪಕ್ಕ. ಬಾಗಿಲು ಜಾಗದಲ್ಲೇ ಇರಲಿ, ಅದರ ಸುತ್ತಲಿನ ಸಂದನ್ನು ಮೇಲೆ, ಕೆಳಗೆ, ಹಿಂದೆ ಅಳೆದು ಬರೆದುಕೊಳ್ಳಿ. ಸುಮಾರು 4 ಮಿ.ಮೀ. ಸಮವಾಗಿ ಸಿಕ್ಕರೆ ಒಳ್ಳೆಯದು. ಮುಂದಿನ ಹಿಂಜ್ ಕಂಬಕ್ಕೂ ಹಿಂದಿನ ಲಾಕ್ ಕಂಬಕ್ಕೂ ನಡುವೆ ಚೌಕ ಪೈಪನ್ನು ಅಡ್ಡಕ್ಕೆ ಮತ್ತು ಓರೆಯಾಗಿ ಬಿಗಿದ ಮೇಲೆ ಗ್ರೈಂಡರ್ ಹಿಡಿಯಬಹುದು. ಮುಂದಿನ ಮಡ್‌ಗಾರ್ಡುಗಳು ಬೋಲ್ಟಿನಲ್ಲಿ ಕೂತಿವೆ, ಹಿಂದಿನವು ವೆಲ್ಡಿನಲ್ಲಿ. ಸಿಲ್‌ನ ಎರಡು ತುದಿಗಳೂ ಮಡ್‌ಗಾರ್ಡಿನ ಹಿಂದೆ ಅವಿತಿರುವುದರಿಂದ ಮುಂದಿನದನ್ನು ಬಿಚ್ಚಲೇಬೇಕು, ಹಿಂದಿನದರ ಕೆಳಭಾಗ ಕತ್ತರಿಸಲೇಬೇಕು. ಅಷ್ಟು ಮಾಡದೆ ‘ಸಿಲ್ ಹಾಕಿದ್ದೇವೆ’ ಎನ್ನುವವರು ಹಾಕಿರುವುದು ನಡುವಿನ ತುಂಡು ಮಾತ್ರ.

ಭಾರ ಹೊರುವ ಭಾಗಗಳಿಗೆ 1.2 ಮಿ.ಮೀ., ಹೊರ ಚರ್ಮಕ್ಕೆ 0.9 ಮಿ.ಮೀ. ತಗಡು. ಕಾರ್ಖಾನೆಯಲ್ಲಿ ಸ್ಪಾಟ್ ವೆಲ್ಡ್ ಇದ್ದ ಕಡೆ 6 ಮಿ.ಮೀ. ತೂತು ಹೊಡೆದು ಮಿಗ್ ವೆಲ್ಡರಿನಲ್ಲಿ ತುಂಬಿ, ಹಳೆಯ ಚುಕ್ಕೆಗಳ ಅಂತರವನ್ನೇ ಅನುಸರಿಸಿ. ಉದ್ದಕ್ಕೂ ಗೆರೆ ಎಳೆದಂತೆ ವೆಲ್ಡ್ ಹೊಡೆದರೆ ತಗಡು ಸುರುಟುತ್ತದೆ. ಅಂಚುಗಳಿಗೆ ವೆಲ್ಡ್ ಮಾಡಬಹುದಾದ ಸತು ಪ್ರೈಮರ್, ಮುಗಿದ ಮೇಲೆ ಟೊಳ್ಳುಗಳ ಒಳಗೆ ಮೇಣ. ಸಿಲ್‌ನ ಕೆಳಗಿನ ನೀರು ಹೋಗುವ ಕಿಂಡಿಗಳನ್ನು ಮೇಣ ಮುಚ್ಚದಂತೆ ಮಾತ್ರ ನೋಡಿಕೊಳ್ಳಬೇಕು, ಹಳೆಯ ಸಿಲ್ ಹೋದದ್ದೇ ಅವು ಕಟ್ಟಿಕೊಂಡು.

ಉಳಿದ ತುಕ್ಕಿನ ಜಾಗಗಳು ಬೇಗ ಹೇಳಿ ಮುಗಿಸಬಹುದಾದವು: ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿ ಕೂರುವ ಪೆಟ್ಟಿಗೆಗಳು, ಹಿಂದಿನ ಸ್ಪ್ರಿಂಗ್ ತೂಗುವ ಜಾಗ, ನೆಲ. ಪೆಟ್ರೋಲ್ ಟ್ಯಾಂಕು ಕೆಳಗಿನಿಂದ ತೂತಾಗುವುದಕ್ಕಿಂತ ಮೇಲಿನಿಂದ ತೂತಾಗುವುದು ಹೆಚ್ಚು, ಏಕೆಂದರೆ ಡಿಕ್ಕಿಯ ನೆಲಕ್ಕೂ ಟ್ಯಾಂಕಿನ ನೆತ್ತಿಗೂ ನಡುವೆ ತೇವದ ಮಣ್ಣು ಕೂರುತ್ತದೆ. ಇಳಿಸದೆ ಅದು ಕಾಣುವುದಿಲ್ಲ. ಅರ್ಧ ತುಂಬಿದ ಟ್ಯಾಂಕು ಸೋರುವುದಿಲ್ಲ, ಪೂರ್ತಿ ತುಂಬಿಸಿದ ದಿನ ವಾಸನೆ ಬರುತ್ತದೆ.

ಗಾಜಿನ ಕೆಳಗಿನ ಸ್ಕಟಲ್ ಫಲಕಕ್ಕೆ ಬಂದಾಗ ಎಚ್ಚರ. 1969ರಿಂದ ಮುಂದಿನ ಅಮೆರಿಕದ ರೋಡ್‌ಸ್ಟರ್‌ಗೆ ಮೂರು ವೈಪರ್ ತೂತುಗಳು. ಬೇರೆ ಕಾರಿನಿಂದ ಕತ್ತರಿಸಿ ತಂದ ಫಲಕದಲ್ಲಿ ಎರಡೇ ಇರಬಹುದು, ಅವುಗಳ ಜಾಗವೂ ಬೇರೆ. ಇಡೀ ಹೊಸ ಬಾಡಿ ಕೊಳ್ಳುವ ದಾರಿಯೂ ಇದೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ 1988ರಿಂದ ಎಂಜಿಬಿ ಬಾಡಿಗಳನ್ನು ಒತ್ತುತ್ತಿದೆ. ಅಲ್ಲೂ ಸ್ಕಟಲ್ ಯಾವುದು ಎಂದು ಮೊದಲೇ ಕೇಳಬೇಕು. ಮೂರು ವೈಪರಿನ ವೀಲ್ ಬಾಕ್ಸ್‌ಗಳ (ವೈಪರ್ ತಿರುಗಿಸುವ ಗೇರಿನ ಪೆಟ್ಟಿಗೆಗಳ) ನಡುವಿನ ಕೊಳವೆಗಳ ಉದ್ದ ಬೇರೆಯಾದ್ದರಿಂದ ಬಿಡಿಬಿಡಿಯಾಗಿ ಹುಡುಕುವ ಬದಲು ಇಡೀ ಸೆಟ್ಟನ್ನು ಒಂದೇ ಕಾರಿನಿಂದ ತೆಗೆಯುವುದು ಜಾಣತನ.

ಏರ್ ಪಂಪ್ ಎಂಬ ಅನಾಥ

ಅಮೆರಿಕದ ಎಂಜಿಬಿಯಲ್ಲಿ ಮೊದಲು ಕಸಕ್ಕೆ ಹೋಗುವುದು ಇದು. ಬೆಲ್ಟಿನಲ್ಲಿ ತಿರುಗುವ ಪಂಪ್, ಅದರಿಂದ ಒಂದು ಚೆಕ್ ವಾಲ್ವ್ ಮೂಲಕ ಎಕ್ಸಾಸ್ಟ್ ಪೋರ್ಟುಗಳಿಗೆ ಗಾಳಿ. ಉರಿಯದೆ ಉಳಿದ ಇಂಧನ ಅಲ್ಲೇ ಉರಿದುಹೋಗಲಿ ಎಂದು. ಪಕ್ಕದಲ್ಲಿ ಗಲ್ಪ್ ವಾಲ್ವ್: ಆಕ್ಸಿಲರೇಟರ್ ಥಟ್ಟನೆ ಬಿಟ್ಟಾಗ ಇನ್‌ಲೆಟ್ ಮ್ಯಾನಿಫೋಲ್ಡಿಗೆ ಒಂದು ಗುಟುಕು ಗಾಳಿ ಬಿಟ್ಟು ಸೈಲೆನ್ಸರಿನಲ್ಲಿ ಢಂ ಎನ್ನುವುದನ್ನು ತಪ್ಪಿಸುತ್ತದೆ. ಇದು ಎಂಜಿನ್ನಿನ ಶಕ್ತಿಯನ್ನೆಲ್ಲ ನುಂಗುತ್ತದೆ ಎಂಬ ಮಾತು ಉತ್ಪ್ರೇಕ್ಷೆ. ಸರಿಯಿರುವ ಪಂಪ್ ಕೈಯಲ್ಲೇ ತಿರುಗುತ್ತದೆ. ಕೆಟ್ಟ ಪಂಪ್ ಬೆಲ್ಟು ಕಿರುಚಿಸುತ್ತದೆ, ಎಸೆಯಲು ಅಷ್ಟೇ ನೆಪ ಸಾಕಾಗಿತ್ತು.

ಪಂಪ್ ತೆಗೆದ ಕಾರಿನಲ್ಲಿ ಸಿಲಿಂಡರ್ ಹೆಡ್‌ನ ಎಕ್ಸಾಸ್ಟ್ ಪೋರ್ಟುಗಳ ಮೇಲೆ ನಾಲ್ಕು 7/16 ಇಂಚಿನ ಯುಎನ್‌ಎಫ್ ಬೋಲ್ಟುಗಳು ಬಿರಡೆಯಂತೆ ಕೂತಿರುತ್ತವೆ. ಅವು ಕಂಡರೆ ಸಂತೋಷ ಪಡಿ, ಹೆಡ್ ಸರಿಯಾದದ್ದೇ. ಬಿಚ್ಚುವಾಗ ಆತುರ ಬೇಡ: ವರ್ಷಗಟ್ಟಲೆ ಕಾದು ತಣಿದ ಬೋಲ್ಟು, ಎರಕದ ಕಬ್ಬಿಣದ ಥ್ರೆಡ್. ಹೆಡ್ ಬಿಚ್ಚಿಟ್ಟು, ತುಕ್ಕು ಬಿಡಿಸುವ ಎಣ್ಣೆಯಲ್ಲಿ ನೆನೆಸಿ, ಬಿಸಿ ಮಾಡಿ, ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಅಲುಗಿಸಿ. ಒಳಗಿನ ಇಂಜೆಕ್ಟರ್ ಕೊಳವೆಗಳು ಸುಟ್ಟು ಮೊಂಡಾಗಿರುತ್ತವೆ.

ಚೆಕ್ ವಾಲ್ವಿನ ಪರೀಕ್ಷೆಗೆ ಉಪಕರಣ ಬೇಡ. ಎರಡೂ ಕಡೆಯಿಂದ ಬಾಯಲ್ಲಿ ಊದಿ. ಪಂಪಿನ ಕಡೆಯಿಂದ ಮಾತ್ರ ಗಾಳಿ ಹೋಗಬೇಕು. ಕಂಪ್ರೆಸರ್ ಹಿಡಿದರೆ ಒಳಗಿನ ತೆಳು ಬಿಲ್ಲೆ ಹಾಳಾಗುತ್ತದೆ. ಇದು ಸೋತರೆ ಬಿಸಿ ಹೊಗೆ ಹಿಂದಕ್ಕೆ ಬಂದು ಹೋಸ್ ಕರಗಿಸಿ ಪಂಪನ್ನೇ ಸುಡುತ್ತದೆ. ಗಲ್ಪ್ ವಾಲ್ವಿಗೆ: ಪಂಪಿನಿಂದ ಅದಕ್ಕೆ ಬರುವ ಹೋಸ್ ಬಿಚ್ಚಿ ಆ ಬಾಯಿಗೆ ವ್ಯಾಕ್ಯೂಮ್ ಗೇಜ್ ಜೋಡಿಸಿ ಎಂಜಿನ್ ಐಡಲ್‌ನಲ್ಲಿ ಓಡಿಸಿ. 15 ಸೆಕೆಂಡ್ ಮುಳ್ಳು ಸೊನ್ನೆಯಲ್ಲೇ ನಿಲ್ಲಬೇಕು. ಥ್ರಾಟಲ್ ಒಮ್ಮೆ ತೆರೆದು ಥಟ್ಟನೆ ಬಿಟ್ಟಾಗ ಮುಳ್ಳು ಏಳಬೇಕು. ಐಡಲ್‌ನಲ್ಲೇ ಎದ್ದರೆ ವಾಲ್ವ್ ಸೋರುತ್ತಿದೆ. ಕಾರ್ಬುರೇಟರ್ ಎಷ್ಟು ಟ್ಯೂನ್ ಮಾಡಿದರೂ ಐಡಲ್ ನಿಲ್ಲುವುದಿಲ್ಲ.

ಹೊಗೆ ಅಳೆಯುವ ಯಂತ್ರದಲ್ಲಿ ಮಿಶ್ರಣ ನೋಡುವಾಗ ಪಂಪಿನ ಹೋಸನ್ನು ಚೆಕ್ ವಾಲ್ವಿನಿಂದ ಬಿಚ್ಚಿ ವಾಲ್ವಿನ ಬಾಯಿ ಮುಚ್ಚಬೇಕು. ಇಲ್ಲದಿದ್ದರೆ ಹೊಗೆಗೆ ಸೇರಿದ ಹೊಸ ಗಾಳಿಯಿಂದ ಮಿಶ್ರಣ ತೆಳುವಾದಂತೆ ತೋರುತ್ತದೆ, ಯಂತ್ರ ನಂಬಿ ಪೆಟ್ರೋಲ್ ಹೆಚ್ಚಿಸಿದರೆ ಪ್ಲಗ್ಗು ಮಸಿಯಾಗುತ್ತದೆ. ಪಂಪಿದ್ದ ಕಾರುಗಳಿಗೆ ಬಂದ ಕೆಟ್ಟ ಹೆಸರಿನಲ್ಲಿ ಇದರ ಪಾಲೂ ಇದೆ.

ಕಾರ್ಬುರೇಟರುಗಳು ಎರಡು ಎಸ್‌ಯು ಕಂಪನಿಯ ಎಚ್‌ಎಸ್4, ಒಂದೂವರೆ ಇಂಚಿನವು. ಅಮೆರಿಕದ ಕಾರಿನಲ್ಲಿ ಥ್ರಾಟಲ್ ಬಿಲ್ಲೆಗಳ ಮೇಲೆ ಸ್ಪ್ರಿಂಗ್ ಇರುವ ಪುಟ್ಟ ಪಾಪೆಟ್ ವಾಲ್ವ್ ಇರುತ್ತದೆ. ಸ್ಪ್ರಿಂಗ್ ಸೋತರೆ ಐಡಲ್ ಏರಿದ್ದು ಇಳಿಯುವುದೇ ಇಲ್ಲ. ಇದಕ್ಕೆ ಎಲ್ಲರೂ ಹೇಳುವ ಮದ್ದು, ಬಿಲ್ಲೆ ಬದಲಿಸಿ ಬೋಳು ಬಿಲ್ಲೆ ಹಾಕುವುದು; ಓಡಿಸುವುದಕ್ಕೆ ಅದು ಒಳ್ಳೆಯದೇ, ಮೂಲರೂಪ ಬೇಕಾದವರು ಒಳ್ಳೆಯ ಪಾಪೆಟ್ ಬಿಲ್ಲೆ ಹುಡುಕಬೇಕು. ಸ್ಪಿಂಡಲ್ ಸವೆದಿದ್ದರೆ ಮೊದಲು ಬುಷ್, ಆಮೇಲೆ ಉಳಿದದ್ದು. ಜೆಟ್ಟನ್ನು ಕಾರ್ಬುರೇಟರಿನ ಒಳಗಿನ ಸೇತುವೆಯ ಮಟ್ಟದಿಂದ ನಟ್ಟಿನ 12 ಮುಖ, ಅಂದರೆ ಎರಡು ಸುತ್ತು, ಇಳಿಸಿ ಅಲ್ಲಿಂದ ಟ್ಯೂನ್ ಶುರು ಮಾಡಿ.

ಎರಡು ಮುಚ್ಚಳಗಳ ಬಗ್ಗೆ ಒಂದು ಮಾತು, ಇದರಲ್ಲಿ ತಪ್ಪುವವರೇ ಹೆಚ್ಚು. ಇದ್ದಿಲಿನ ಡಬ್ಬಿ ಇರುವ ಕಾರಿಗೆ ಪೆಟ್ರೋಲ್ ಮುಚ್ಚಳವೂ ಎಂಜಿನ್ ಆಯಿಲ್ ಮುಚ್ಚಳವೂ ಗಾಳಿಯಾಡದವು. ಟ್ಯಾಂಕು ಉಸಿರಾಡುವುದು ಡಬ್ಬಿಯ ಮೂಲಕ, ಎಂಜಿನ್ ಒಳಗಿನ ಗಾಳಿ ಬರುವುದು ರಾಕರ್ ಕವರಿನ ಸಣ್ಣ ಕೊಳವೆಯಿಂದ. ಡಬ್ಬಿ ಇಲ್ಲದ ಕಾರಿಗೆ ಎರಡೂ ಉಸಿರಾಡುವ ಮುಚ್ಚಳಗಳೇ ಬೇಕು. ಅಲ್ಲಿ ಗಾಳಿಯಾಡದ ಪೆಟ್ರೋಲ್ ಮುಚ್ಚಳ ಹಾಕಿದರೆ ಸ್ವಲ್ಪ ದೂರ ಓಡಿದ ಮೇಲೆ ಟ್ಯಾಂಕಿನೊಳಗೆ ನಿರ್ವಾತವಾಗಿ ಪೆಟ್ರೋಲ್ ನಿಲ್ಲುತ್ತದೆ, ಜನ ಇಂಧನ ಪಂಪ್ ಬದಲಿಸುತ್ತಾರೆ.

ಎಂಜಿನ್ ಬುಡದ ಕೆಲಸದಲ್ಲಿ ರಫ್ತಿನ ಕಾರೆಂಬ ವ್ಯತ್ಯಾಸವಿಲ್ಲ. 1798 ಸಿಸಿ, ಐದು ಮೇನ್ ಬೇರಿಂಗ್, ಮೇನ್ ಬೇರಿಂಗ್ ನಟ್ಟು 95 ನ್ಯೂಟನ್ ಮೀಟರ್ (ಎನ್‌ಎಂ), ಹೆಡ್ ನಟ್ಟು ಹಂತಹಂತವಾಗಿ 61ರಿಂದ 68 ಎನ್‌ಎಂ, ವಾಲ್ವ್ ಸಂದು ತಣ್ಣಗಿರುವಾಗ 0.38 ಮಿ.ಮೀ., ಪ್ಲಗ್ ಸಂದು 0.64 ಮಿ.ಮೀ. ವಾಲ್ವ್ ಸೀಟುಗಳ ನಡುವೆ ಬಿರುಕಿದೆಯೇ ಎಂದು ಹೆಡ್ಡನ್ನು ಒತ್ತಡ ಹಾಕಿ ನೋಡಿಸಿ. ಸೀಸವಿಲ್ಲದ ಪೆಟ್ರೋಲಿಗಾಗಿ ಗಟ್ಟಿ ಎಕ್ಸಾಸ್ಟ್ ಸೀಟು ಹಾಕಿಸುವುದು ಮೂಲರೂಪಕ್ಕೆ ಧಕ್ಕೆ ಎನ್ನುವ ಹಟವಾದಿಗಳಿದ್ದಾರೆ. ಹೊರಗೆ ಕಾಣದ, ಎಂಜಿನ್ ಉಳಿಸುವ ಬದಲಾವಣೆ ಅದು, ಹಾಕಿಸಿ.

ಬ್ರೇಕ್, ವೈರಿಂಗ್, ಡ್ಯಾಶ್

ಎರಡು ಸರ್ಕಿಟ್ಟಿನ ಬ್ರೇಕಿನಲ್ಲಿ ಒಂದು ಹಿತ್ತಾಳೆಯ ದಿಮ್ಮಿ ಇದೆ, ಒಳಗೆ ಎರಡೂ ಒತ್ತಡಗಳ ನಡುವೆ ಕೂತ ಒಂದು ಶಟಲ್. ಒಂದು ಸರ್ಕಿಟ್ ಸೋತರೆ ಅದು ಪಕ್ಕಕ್ಕೆ ಜರುಗಿ ಡ್ಯಾಶಿನ ಎಚ್ಚರಿಕೆ ದೀಪ ಹೊತ್ತಿಸುತ್ತದೆ. ವರ್ಷಗಳಿಂದ ನಿಂತ ಕಾರಿನಲ್ಲಿ ಅದರ ಸೀಲುಗಳು ಹೋಗಿ ಬ್ರೇಕ್ ಆಯಿಲ್ ಸ್ವಿಚ್ಚಿನ ಮೂಲಕ ಜಿನುಗುತ್ತದೆ. ಸ್ವಿಚ್ಚಿನ ನೈಲಾನ್ ಥ್ರೆಡ್ ಮುಟ್ಟಿದರೆ ಮುರಿಯುತ್ತದೆ. ದಿಮ್ಮಿ ಬಿಚ್ಚಿ ತೊಳೆದು ಹೊಸ ಸೀಲ್ ಹಾಕುವುದು ಕಷ್ಟದ ಕೆಲಸವಲ್ಲ. ಗಾಳಿ ತೆಗೆಯುವಾಗ ಪೆಡಲ್ ಜೋರಾಗಿ ಒತ್ತಿದರೆ ಶಟಲ್ ಒಂದು ಕಡೆಗೆ ಸರಿದು ದೀಪ ಹೊತ್ತಿಕೊಂಡೇ ಉಳಿಯುತ್ತದೆ, ಆಗ ಎದುರಿನ ಸರ್ಕಿಟ್ಟಿನ ನಿಪ್ಪಲ್ ತೆರೆದು ನಿಧಾನಕ್ಕೆ ಒತ್ತಿ ಅದನ್ನು ನಡುವಿಗೆ ತರಬೇಕು. ನಿಪ್ಪಲ್ ಮುಚ್ಚುವುದು ದೀಪ ಆರಿದ ಕ್ಷಣಕ್ಕೇ.

ವೈರಿಂಗ್‌ನಲ್ಲಿ ಬಣ್ಣಗಳನ್ನು ನಂಬಬಹುದು, ಯಾರೂ ಕೈ ಹಾಕಿಲ್ಲದಿದ್ದರೆ. ಕಂದು ಸದಾ ಕರೆಂಟ್ ಇರುವ ತಂತಿ, ಬಿಳಿ ಇಗ್ನಿಷನ್, ಹಸಿರು ಇಗ್ನಿಷನ್ ನಂತರ ಫ್ಯೂಸ್ ದಾಟಿದ್ದು, ನೇರಳೆ ಸದಾ ಇರುವ ಫ್ಯೂಸಿನದು, ಕಪ್ಪು ಅರ್ತ್. ಅಮೆರಿಕದ ಹಾರ್ನೆಸ್‌ನಲ್ಲಿ ಬ್ರೇಕಿನ ಎಚ್ಚರಿಕೆ ದೀಪಕ್ಕೆ, ಪಕ್ಕದ ದೀಪಗಳಿಗೆ ತಂತಿಗಳು ಹೆಚ್ಚು. ಬ್ರಿಟನ್ನಿನ ಹಾರ್ನೆಸ್ ತಂದು ಹಾಕಿದರೆ ಅವಕ್ಕೆಲ್ಲ ಬೇರೆ ತಂತಿ ಎಳೆಯಬೇಕಾಗುತ್ತದೆ. ಬುಲೆಟ್ ಕನೆಕ್ಟರ್‌ಗಳ ಒಳಗೆ ಹಸಿರು ಪುಡಿ ಇದ್ದರೆ ಅದನ್ನು ಉಜ್ಜುತ್ತ ಕೂರಬೇಡಿ, ಹೊಸದು ಹಾಕಿ. ಬ್ರಿಟನ್ನಿಗೆ ಮರಳಿದ ಕಾರಾದರೆ ಹೆಡ್‌ಲೈಟ್‌ಗಳ ಡಿಪ್ ಎಡಕ್ಕೆ ಬೀಳುವಂತೆ ಬದಲಾಗಿರುತ್ತದೆ. ಅಮೆರಿಕದ್ದು ಬಲಕ್ಕೆ. ಬಲಗಡೆ ಓಡುವ ದೇಶದಲ್ಲಿ ಬಳಸುವುದಿಲ್ಲ ಎಂದಾದರೆ ಮೂಲ ಸೀಲ್ಡ್ ಬೀಮ್‌ಗಳನ್ನು ಪ್ರದರ್ಶನಕ್ಕೆ ಎತ್ತಿಟ್ಟು ರಸ್ತೆಗೆ ಸ್ಥಳೀಯ ನಿಯಮದ್ದನ್ನೇ ಹಾಕಿ. ಎದುರಿನವರ ಕಣ್ಣು ಕುಕ್ಕಿಸಿ ಮೂಲರೂಪ ಕಾಪಾಡಬೇಕಾಗಿಲ್ಲ.

ದಿಂಬಿನ ಡ್ಯಾಶ್‌ಬೋರ್ಡ್ ಬಿಸಿಲಿಗೆ ಬಿರುಕು ಬಿಡದೆ ಉಳಿದದ್ದು ಅಪರೂಪ. ಮೇಲೆ ಅಂಟಿಸುವ ಪ್ಲಾಸ್ಟಿಕ್ ಚಿಪ್ಪು ದೂರದಿಂದ ಸರಿ ಕಾಣುತ್ತದೆ, ಆದರೆ ಮೀಟರುಗಳ ಸುತ್ತ ಅದರ ಅಂಚು ಎದ್ದು ತೋರುತ್ತದೆ, ಬಿರುಕು ಒಳಗೆ ಬೆಳೆಯುತ್ತಲೇ ಇರುತ್ತದೆ. ಉಕ್ಕಿನ ಚೌಕಟ್ಟು ಗಟ್ಟಿಯಿದ್ದರೆ ಹಳೆಯ ಫೋಮ್ ಕೆರೆದು ಹೊಸದು ತುಂಬಿಸಿ ಹೊಸ ವಿನೈಲ್ ಹೊದಿಸುವವರ ಕೈಗೆ ಕೊಡುವುದೇ ಮೇಲು. ಅದನ್ನು ಕೂರಿಸುವ ಮುನ್ನ ಹೀಟರ್, ವೈಪರ್ ಕೊಳವೆ, ಹಾರ್ನೆಸ್ ಮೂರನ್ನೂ ಜೋಡಿಸಿ ಪರೀಕ್ಷಿಸಿ. ಒಮ್ಮೆ ಡ್ಯಾಶ್ ಕೂತ ಮೇಲೆ ಅದರ ಹಿಂದಿನ ನಟ್ಟುಗಳಿಗೆ ಕೈ ತಲುಪಿಸಲು ಕಾರಿನ ನೆಲದಲ್ಲಿ ಅಂಗಾತ ಮಲಗಬೇಕು. ಹೀಟರ್ ಪೆಟ್ಟಿಗೆ ಮಾತ್ರ ಎಂಜಿನ್ ಕಡೆಯಿಂದ ಹೊರಬರುತ್ತದೆ, ಅದಕ್ಕಾಗಿ ಡ್ಯಾಶ್ ಇಳಿಸಬೇಕಾಗಿಲ್ಲ.

ಮೊದಲ ಸಲ ಓಡಿಸುವ ಮುಂಚೆ ಪ್ಲಗ್ಗು ಬಿಚ್ಚಿ ಸ್ಟಾರ್ಟರಿನಲ್ಲೇ ತಿರುಗಿಸಿ ಆಯಿಲ್ ಗೇಜ್ ಏಳುವವರೆಗೆ ಕಾಯಿರಿ. ಬಿಸಿಯಾದ ಎಂಜಿನ್ ಓಟದಲ್ಲಿ 50ರಿಂದ 80 ಪಿಎಸ್‌ಐ, ಐಡಲ್‌ನಲ್ಲಿ 10ರಿಂದ 25 ತೋರಿಸಬೇಕು. ಮುಂದಿನ ಚಕ್ರಗಳು ಪಕ್ಕಕ್ಕೆ ತಿರುಗುವ ಕಿಂಗ್‌ಪಿನ್‌ಗಳಿಗೆ ಪ್ರತಿ ಪಕ್ಕ ಮೂರು ಗ್ರೀಸ್ ನಿಪ್ಪಲ್‌ಗಳಿವೆ; ಚಕ್ರದ ಭಾರ ನೆಲದಿಂದ ಎತ್ತಿ, ಹಳೆಯ ಗ್ರೀಸ್ ಹೊರಬರುವವರೆಗೆ ತುಂಬಿ. ಕೆಳಗಿನದಕ್ಕೆ ಗ್ರೀಸ್ ಹೋಗದಿದ್ದರೆ ಕಾಲುವೆ ಗಟ್ಟಿಯಾಗಿದೆ ಎಂದರ್ಥ, ಬಿಚ್ಚಬೇಕು. ಒಂದೆರಡು ಸಲ ಬಿಸಿಯಾಗಿ ತಣಿದ ಮೇಲೆ ಹೆಡ್ ನಟ್ಟು ಮತ್ತೆ ಬಿಗಿದು, ವಾಲ್ವ್ ಸಂದು ಮತ್ತೆ ನೋಡಿ. ಏರ್ ಪಂಪಿನ ಹೊಸ ಬೆಲ್ಟು ಆ ಹೊತ್ತಿಗೆ ಸಡಿಲವಾಗಿರುತ್ತದೆ. ನಡುವೆ ಬೆರಳಲ್ಲಿ ಒತ್ತಿದರೆ ಸುಮಾರು 13 ಮಿ.ಮೀ. ಬಾಗುವಂತೆ ಎಳೆದಿಡಿ. ಪಂಪಿನ ಮೈಗೆ ಸನ್ನೆಕೋಲು ಹಾಕಿ ಮೀಟಬೇಡಿ, ಅದು ಅಲ್ಯೂಮಿನಿಯಂ.